ಮಲಗಿಸಿಟ್ಟ ಡಬ್ಬಗಳು

ಚಿಗಟ ಹಿಡಿದು ಹೊಸಕಿದವರನ್ನು ಆ ಬೀದಿ ಬೇಕಾದಷ್ಟು ಕಂಡಿತ್ತು. ಚಿಗಟಕ್ಕೆ ಸ್ನಾನ ಮಾಡಿಸಿ, ಆರು ಕಾಲನ್ನೂ ನೀಟಾಗಿ ಚಾಚಿಸಿ, ಗಾಜಿನ ಮೇಲೆ ಕೂರಿಸುವ ಮನುಷ್ಯನನ್ನು ಮಾತ್ರ ಒಬ್ಬರನ್ನೇ ಕಂಡಿತ್ತು. ಅವರು ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ಆದರೂ ಆ ಮೂವತ್ತು ವರ್ಷ ಯಾರಿಗೂ ನೆನಪಿರಲಿಲ್ಲ. ಚಿಗಟದ ಮೇಷ್ಟ್ರು ಎಂದರೆ ಅಂಚೆಯವನು ಕಣ್ಣು ಮುಚ್ಚಿಕೊಂಡು ಮನೆ ತೋರಿಸುತ್ತಿದ್ದ.

ಮೇಷ್ಟ್ರ ಹೆಂಡತಿಗೆ ಬೀದಿ ಇಟ್ಟ ಹೆಸರು ಹೊಲಿಗೆಯಮ್ಮ. ಮುಂದಿನ ಕೋಣೆಯಲ್ಲಿ ಆಕೆಯ ಮಷೀನು, ಹಿಂದಿನ ಕೋಣೆಯಲ್ಲಿ ಅವರ ಸೂಕ್ಷ್ಮದರ್ಶಕ. ಇಬ್ಬರ ನಡುವೆ ಜಗಳ ಬರುತ್ತಿದ್ದದ್ದು ಸೂಜಿಗಳ ವಿಷಯಕ್ಕೆ ಮಾತ್ರ. ಆಕೆಯ ಡಬ್ಬಿಯಲ್ಲಿದ್ದ ಅತಿ ಸಣ್ಣ ಸೂಜಿಗಳೆಲ್ಲ ಒಂದೊಂದಾಗಿ ಹಿಂದಿನ ಕೋಣೆಗೆ ಗುಳೆ ಹೋಗುತ್ತಿದ್ದವು. ಕೇಳಿದರೆ, "ಚಿಗಟದ ಕಾಲು ಬಿಡಿಸೋಕೆ ಕಡಪಾರೆ ತಗೊಳ್ಳಲಾ?" ಎನ್ನುತ್ತಿದ್ದರು. ಊಟಕ್ಕೆ ಕೂತಾಗ ಆಕೆಯ ತೋಳಿಗೆ ಅಂಟಿದ ದಾರದ ಚೂರನ್ನು ಎರಡು ಬೆರಳ ತುದಿಯಿಂದ, ಕಾಲು ಮುರಿಯಬಾರದ ಹುಳುವನ್ನು ಎತ್ತುವ ಹಾಗೆ ಎತ್ತಿ, "ಅಂಗಡೀನೇ ಮೈಮೇಲೆ ಹೊತ್ಕೊಂಡು ಬಂದಿದ್ದೀಯಲ್ಲೇ," ಎನ್ನುವುದು ಅವರ ಸರಸ. ಅದಕ್ಕಿಂತ ಹೆಚ್ಚಿನ ಸರಸ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ದೂರದ ಮ್ಯೂಸಿಯಂನಲ್ಲಿ ಸಾವಿರಾರು ಚಿಗಟಗಳಿದ್ದವು. ಒಂದೊಂದು ಗಾಜಿನ ಪಟ್ಟಿಯ ಮೇಲೆ ಒಂದೊಂದು. ಮೇಲೆ ಮರದ ಅಂಟಿನ ಹನಿ, ಅದರ ಮೇಲೆ ತೆಳು ಗಾಜಿನ ಮುಚ್ಚಳ. ಎಂಬತ್ತು ತೊಂಬತ್ತು ವರ್ಷವಾದರೆ ಆ ಅಂಟು ಹಳದಿಯಾಗಿ ಬಿರಿಯುತ್ತದೆ. ಆಗ ಅದನ್ನು ಕರಗಿಸಿ, ಚಿಗಟವನ್ನು ಬಿಡಿಸಿ, ತೊಳೆದು, ಹೊಸ ಅಂಟಿನಲ್ಲಿ ಮತ್ತೆ ಕೂರಿಸಬೇಕು. ಒಂದು ಗಾಜಿಗೆ ಒಂದು ವಾರವೂ ಆದೀತು, ತಿಂಗಳೂ ಆದೀತು. ಮ್ಯೂಸಿಯಂನಲ್ಲಿ ಆ ಕೆಲಸ ಬಲ್ಲವರು ನಿವೃತ್ತರಾದ ಮೇಲೆ ಉಳಿದ ಕೈ ಮೇಷ್ಟ್ರದೊಂದೇ. ಹಾಗಾಗಿ ಮ್ಯೂಸಿಯಂನವರು ಎರವಲು ಪತ್ರ ಮಾಡಿ, ಗಾಜುಗಳನ್ನು ಡಬ್ಬಕ್ಕೆ ಹಾಕಿ ಕಳಿಸುತ್ತಿದ್ದರು. ಇವರು ಸರಿಮಾಡಿ, ಒಣಗಿಸಿ ಹಿಂತಿರುಗಿಸುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಕಾಲು ಮುರಿದಿತ್ತು. ಅವತ್ತು ಮೇಷ್ಟ್ರು ಊಟ ಮಾಡಿರಲಿಲ್ಲ.

ಕೊನೆಯ ಸಲ ಬಂದದ್ದು ಮೂರು ಡಬ್ಬ, ಎಪ್ಪತ್ತೈದು ಗಾಜು. ಅವುಗಳಲ್ಲೊಂದಕ್ಕೆ ಕೆಂಪು ಚುಕ್ಕೆ. ಅದರೊಳಗಿನ ಚಿಗಟದ ಜಾತಿಗೆ ಲೋಕದಲ್ಲಿ ಹೆಸರಿಟ್ಟದ್ದು ಆ ಒಂದನ್ನೇ ನೋಡಿ. ಆ ಜಾತಿಯದೇ ಹೌದೋ ಅಲ್ಲವೋ ಎಂದು ಯಾರಿಗೆ ಅನುಮಾನ ಬಂದರೂ ಕೊನೆಗೆ ಅದರ ಮುಂದೆಯೇ ಬಂದು ನಿಲ್ಲಬೇಕು. "ಇದು ಹೋದ್ರೆ ಇನ್ನೊಂದಿಲ್ಲ ಕಣೇ," ಎಂದು ಹೆಂಡತಿಗೆ ತೋರಿಸಿದ್ದರು. ಆಕೆಗೆ ಕಂಡದ್ದು ಎಳ್ಳಿನ ಕಾಳಿನಂಥ ಒಂದು ಕಂದು ಚುಕ್ಕೆ. ಆದರೂ ಗಂಡ ಉಸಿರು ಬಿಗಿಹಿಡಿದದ್ದು ನೋಡಿ ತಾನೂ ಹಿಡಿದಿದ್ದಳು.

ಎಪ್ಪತ್ತೈದನ್ನೂ ಮುಗಿಸಿ, ಡಬ್ಬಗಳನ್ನು ಪುಸ್ತಕ ನಿಲ್ಲಿಸಿದಂತೆ ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿ, "ಒಂದು ವರ್ಷ ಒಣಗಲಿ, ಆಮೇಲೆ ಕಳಿಸುವೆ," ಎಂದು ಮ್ಯೂಸಿಯಂಗೆ ಬರೆದರು. ಇಪ್ಪತ್ತು ದಿನಕ್ಕೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಹೋಯಿತು. ಆಸ್ಪತ್ರೆಯವರು ಅಕ್ಷರದ ಹಲಗೆ ಕೊಟ್ಟು ನೋಡಿದರು. ಮೂವತ್ತು ವರ್ಷ ಕಪ್ಪು ಹಲಗೆ ತುಂಬಿಸಿದ ಮನುಷ್ಯನ ಬೆರಳು ಅಕ್ಷರಗಳ ಮೇಲೆ ದಾರಿ ತಪ್ಪಿದ ಇರುವೆಯ ಹಾಗೆ ಓಡಾಡಿತು. ಮ್ಯೂಸಿಯಂಗೆ ಸುದ್ದಿ ಮುಟ್ಟಿಸಿದಾಗ, "ಅವಸರವಿಲ್ಲ, ಸರ್ ಮೊದಲು ಚೇತರಿಸಿಕೊಳ್ಳಲಿ," ಎಂದು ಒಳ್ಳೆಯ ಮಾತಿನ ಕಾಗದ ಬಂತು.

ಮನೆಗೆ ಕರೆತರುವಾಗ ಮಂಚ ಹಾಕಲು ಹಿಂದಿನ ಕೋಣೆಯೇ ಸರಿಯೆಂದು ಹೊಲಿಗೆಯಮ್ಮ ತೀರ್ಮಾನಿಸಿದಳು. ಮೇಜು ಆಚೆ ಹೋಯಿತು, ಕಪಾಟು ಮೂಲೆಗೆ ಸರಿಯಿತು. ಜೀವವಿಲ್ಲದ ಕೈಕಾಲಿಗೆ ಥಂಡಿ ಆಗಬಾರದೆಂದು ಹೀಟರು ಬಂತು. ಡಬ್ಬಗಳು ನಿಂತದ್ದು ಕಂಡು ಆಕೆಯ ಎದೆ ಹಾರಿತು. ಗಾಜಿನ ಸಾಮಾನನ್ನು ಯಾರಾದರೂ ನಿಲ್ಲಿಸುತ್ತಾರೆಯೇ? ಮಂಚ ತಗುಲಿದರೆ ಮೂರೂ ನೆಲಕ್ಕೆ. ಮೂರನ್ನೂ ಜೋಪಾನವಾಗಿ ಇಳಿಸಿ, ಕೆಳಗಿನ ಹಲಗೆಯ ಮೇಲೆ ಒಂದರ ಪಕ್ಕ ಒಂದು ಮಲಗಿಸಿದಳು.

ಮಾರನೆಯ ದಿನದಿಂದಲೇ ಮೇಷ್ಟ್ರ ಎಡಗೈ ಕಪಾಟಿನ ಕಡೆ ಏಳತೊಡಗಿತು. "ನೀರಾ? ಗಡಿಯಾರಾನಾ? ಕಿಟಕಿ ಹಾಕಲಾ?" ಒಂದೊಂದನ್ನೇ ಕೇಳಿ, ಒಂದೊಂದನ್ನೇ ತಂದು ತೋರಿಸಿ, ನಾಲ್ಕನೆಯ ದಿನ ಡಬ್ಬ ತಂದಳು. ಮೇಷ್ಟ್ರ ಕಣ್ಣು ಅರಳಿತು. ಡಬ್ಬವನ್ನು ಎಡಗೈಯಲ್ಲಿ ಹಿಡಿದು, ಹೊದಿಕೆಯ ಮೇಲೆ ನೆಟ್ಟಗೆ ನಿಲ್ಲಿಸಿದರು. ಹೊದಿಕೆ ಮೆತ್ತಗೆ, ಡಬ್ಬ ವಾಲಿತು.

"ಅಯ್ಯೋ, ಗಾಜು ರೀ!" ಆಕೆ ಹಿಡಿದು ಮಲಗಿಸಿದಳು.

ಅವರು ನಿಲ್ಲಿಸಿದರು. ಆಕೆ ಮಲಗಿಸಿದಳು. ಅವರು "ಆ... ಆ..." ಎಂದು ಮತ್ತೆ ನಿಲ್ಲಿಸಿದರು. ಹೀಗೆ ದಿನಾ ಮಧ್ಯಾಹ್ನ, ಐದು ಸಲ, ಆರು ಸಲ.

ಮಹಡಿಯಲ್ಲಿದ್ದ ನಾದಿನಿ, ಎಂದರೆ ಮೇಷ್ಟ್ರ ತಂಗಿ, ಬಾಗಿಲಲ್ಲಿ ನಿಂತು ನೋಡಿ, "ಬಿಡಿ ಅತ್ತಿಗೆ, ಅಣ್ಣ ಮತ್ತೆ ಮಗು ಆದ. ಚಿಕ್ಕೋನಿದ್ದಾಗ ಬೆಂಕಿಪೆಟ್ಟಿಗೆ ಹೀಗೇ ನಿಲ್ಲಿಸ್ತಿದ್ದ," ಎಂದಳು. ನಗಲು ಹೋಗಿ ಇಬ್ಬರೂ ಅತ್ತರು.

ಒಂದು ದಿನ ಡಬ್ಬ ಮಂಚದಿಂದ ಜಾರಿತು. ಹೊಲಿಗೆಯಮ್ಮ ಮಡಿಲೊಡ್ಡಿ ಹಿಡಿದಳು. ಆವತ್ತೇ ಮೂರನ್ನೂ ಅವರ ಕೈಗೆ ಸಿಗದಂತೆ, ಹೀಟರಿನ ಮೇಲಿನ ಗೋಡೆಹಲಗೆಯಲ್ಲಿ, ಒಂದರ ಮೇಲೊಂದು ಮಲಗಿಸಿ, ದೂಳು ಕೂರದಿರಲೆಂದು ಮಖಮಲ್ಲಿನ ತುಂಡು ಹೊದಿಸಿದಳು. ಮೇಷ್ಟ್ರ ಕೈ ಆಮೇಲೂ ಎಷ್ಟೋ ತಿಂಗಳು ಏಳುತ್ತಿತ್ತು. "ಜೋಪಾನವಾಗಿದೆ ರೀ, ನಾನಿದ್ದೀನಲ್ಲ," ಎಂದು ಆಕೆ ಆ ಕೈಯನ್ನು ಹಿಡಿದು ಹೊದಿಕೆಯೊಳಗೆ ಇಡುತ್ತಿದ್ದಳು.

ಮೇಷ್ಟ್ರು ಮನೆಗೆ ಬಂದು ಹದಿನೈದು ತಿಂಗಳಾದ ಮೇಲೆ ಮ್ಯೂಸಿಯಂನಿಂದ ಇನ್ನೊಂದು ಕಾಗದ ಬಂತು. ಯಾವುದೋ ದೇಶದ ಸಂಶೋಧಕರಿಗೆ ಕೆಂಪು ಚುಕ್ಕೆಯ ಗಾಜು ಬೇಕಾಗಿದೆ, ಗುರುವಾರ ನಾನೇ ಬಂದು ಒಯ್ಯುತ್ತೇನೆ ಎಂದು ಗಾಜುಗಳ ಉಸ್ತುವಾರಿ ನೋಡುವ ಹೆಂಗಸು ಬರೆದಿದ್ದಳು.

ಹೊಲಿಗೆಯಮ್ಮನಿಗೆ ಹಗುರವೆನಿಸಿತು. ಗಂಡ ಎರವಲು ತಂದದ್ದನ್ನು ತಾನು ಒಂದೂ ಒಡೆಯದೆ ಕಾಪಾಡಿದ್ದಳಲ್ಲ. ಗುರುವಾರ ಬೆಳಿಗ್ಗೆ ಮೇಷ್ಟ್ರಿಗೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ದಿಂಬು ಕೊಟ್ಟು ಕೂರಿಸಿದಳು. "ನಿಮ್ಮ ಮಾತು ಉಳಿಸಿದ್ದೀನಿ ನೋಡಿ," ಎಂದಳು. ಅವರು ಗೋಡೆಹಲಗೆ ನೋಡಿದರು.

ಉಸ್ತುವಾರಿಯವಳು ನಲವತ್ತರ ಆಸುಪಾಸಿನವಳು. ಒಳಗೆ ಸ್ಪಂಜು ಹಾಸಿದ ರಟ್ಟಿನ ಪೆಟ್ಟಿಗೆ ಹೊತ್ತು ಬಂದು, ಮೇಷ್ಟ್ರ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು, "ಸರ್, ಚೆನ್ನಾಗಿ ಕಾಣ್ತಿದ್ದೀರ," ಎಂದಳು.

"ಇಷ್ಟು ದೂರ ಚಿಗಟಕ್ಕೋಸ್ಕರ ಬಂದ್ರಾ?" ನಾದಿನಿ ಟೀ ಇಡುತ್ತ ಕೇಳಿದಳು. "ಒಂದು ಮಾತು ಹೇಳಿದ್ರೆ ಪಕ್ಕದ ಮನೆ ನಾಯಿ ಹತ್ರ ಬಿಟ್ಟಿ ಕೊಡಿಸ್ತಿದ್ದೆ. ನಮ್ಮಣ್ಣನಿಗೆ ಮೊದಲನೇ ಸಂಬಂಧ ಚಿಗಟ, ಅತ್ತಿಗೆ ಎರಡನೇದು."

"ಸುಮ್ನಿರೇ," ಎಂದು ಹೊಲಿಗೆಯಮ್ಮ ನಗುತ್ತಲೇ ಸ್ಟೂಲು ಹತ್ತಿ, ಮಖಮಲ್ಲು ತೆಗೆದು, ಮೂರು ಡಬ್ಬವನ್ನೂ ಒಟ್ಟಿಗೆ ಎದೆಗವಚಿಕೊಂಡು ಇಳಿದಳು. ಡಬ್ಬ ಬೆಚ್ಚಗಿತ್ತು.

ಉಸ್ತುವಾರಿಯವಳ ಮುಖದಲ್ಲಿ ಆಗಲೇ ಏನೋ ಬದಲಾಯಿತು. ಮೊದಲ ಡಬ್ಬ ತೆರೆದು, ಒಂದು ಗಾಜನ್ನು ಎತ್ತಿ ಕಿಟಕಿಗೆ ಹಿಡಿದಳು. ಇನ್ನೊಂದು. ಮತ್ತೊಂದು. ಟೀ ಕೆನೆ ಕಟ್ಟಿತು.

"ಅಮ್ಮಾ, ಇವು ಹೀಗೇ ಮಲಗಿದ್ವಾ?"

"ಹೂಂ. ನಾನೇ ಮಲಗಿಸಿದ್ದು. ಗಾಜಲ್ವಾ, ಬಿದ್ದುಗಿದ್ದಾವು ಅಂತ."

"ಎಷ್ಟು ದಿನದಿಂದ?"

"ಇವರು ಮಲಗಿದ ದಿನದಿಂದ."

ಆ ಹೆಂಗಸು ಬೈಯಲಿಲ್ಲ. ಡಬ್ಬವನ್ನು ಹಾಗೇ ಮುಂದೆ ಚಾಚಿದಳು. ಡಬ್ಬದ ಗೋಡೆಗೆ ಸಣ್ಣ ಸಣ್ಣ ಸೀಳುಗಳು, ಒಂದೊಂದು ಸೀಳಿನಲ್ಲಿ ಒಂದೊಂದು ಗಾಜು. ಡಬ್ಬ ಮಲಗಿತ್ತು, ಒಳಗೆ ಗಾಜುಗಳೆಲ್ಲ ಅಂಚಿನ ಮೇಲೆ ನಿಂತಿದ್ದವು. ಮುಚ್ಚಳ ಹಾಕಿ, ಡಬ್ಬವನ್ನು ನೆಟ್ಟಗೆ ನಿಲ್ಲಿಸಿ, ಮೆಲ್ಲಗೆ ಸಂದು ತೆರೆದಳು. ಒಳಗೆ ಗಾಜುಗಳೆಲ್ಲ ಮಲಗಿದ್ದವು.

ಬಟ್ಟೆ ಹೇಗೆ ಇಳಿಬೀಳುತ್ತದೆಂದು ನೋಡಿಯೇ ಬದುಕಿದ ಹೆಂಗಸಿಗೆ ಎರಡನೆಯ ಮಾತು ಬೇಕಾಗಲಿಲ್ಲ. ಹೊಸ ಅಂಟು, ಮೇಲೆ ಗಟ್ಟಿ, ಒಳಗೆ ಇನ್ನೂ ಜೇನು. ಕೆಳಗೆ ಹೀಟರು. ನಿಂತ ಗಾಜಿನ ಮೇಲೆ ಹದಿನೈದು ತಿಂಗಳು. ಉಸ್ತುವಾರಿಯವಳು ಕೊಟ್ಟ ಭೂತಗನ್ನಡಿಯಲ್ಲಿ ನೋಡಿದಳು. ನಡುವೆ ಇರಬೇಕಾದ ಚಿಗಟ ಕೆಳಗಿನ ಅಂಚಿಗೆ ಜಾರಿ, ತಲೆಕೆಳಗಾಗಿ ಮುದುಡಿತ್ತು. ಎಲ್ಲವೂ ಹಾಗೇ, ಎಲ್ಲವೂ ಒಂದೇ ಕಡೆಗೆ. ಕೆಂಪು ಚುಕ್ಕೆಯದು ಎರಡನೆಯ ಡಬ್ಬದಲ್ಲಿತ್ತು. ಅದರ ತಲೆ ನಡುವೆಯೇ ಉಳಿದು, ಹೊಟ್ಟೆ ಬೇರ್ಪಟ್ಟು ಇಳಿದಿತ್ತು. ಎರಡು ಕಾಲು ಮುಚ್ಚಳದ ಆಚೆ, ಹೊರಗೆ ಸೋರಿದ ಅಂಟಿನ ಗುಳ್ಳೆಯಲ್ಲಿ ದೂಳಿನ ಜೊತೆ ಸಿಕ್ಕಿಕೊಂಡಿದ್ದವು.

ಹೊಲಿಗೆಯಮ್ಮ ಭೂತಗನ್ನಡಿ ಇಳಿಸಿದಳು. ಹಿಂದಕ್ಕೆ ತಿರುಗಬೇಕಿತ್ತು, ತಿರುಗಲು ಆಗಲಿಲ್ಲ. ಹೊದಿಕೆಯ ಮೇಲೆ ಡಬ್ಬ ನಿಲ್ಲಿಸುತ್ತಿದ್ದ ಎಡಗೈ ಬೆನ್ನಿಗೆ ಕಾಣುತ್ತಿತ್ತು.

"ಸರಿ ಮಾಡೋಕೆ ಆಗಲ್ವೇನಮ್ಮಾ?"

"ಆಗುತ್ತೆ..." ಎಂದು ಆ ಹೆಂಗಸು ತಡೆದಳು. "ಆಗ್ತಿತ್ತು. ಇಂಥದ್ದು ಬಂದ್ರೆ ನಾವು ಕಳಿಸ್ತಿದ್ದಿದ್ದು ಸರ್ ಹತ್ರಾನೇ."

ನಾದಿನಿ ಟೀ ಲೋಟಗಳನ್ನು ಎತ್ತಿಕೊಂಡು ಸದ್ದಿಲ್ಲದೆ ಒಳಗೆ ಹೋದಳು. 

ಎರವಲು ಪತ್ರದ ಹಿಂಬದಿಯಲ್ಲಿ ಹಿಂತಿರುಗಿಸುವಾಗ ತುಂಬುವ ಜಾಗವಿತ್ತು. ಉಸ್ತುವಾರಿಯವಳು ಗಾಜುಗಳನ್ನು ಒಂದೊಂದಾಗಿ ನೋಡಿ ಗುರುತು ಹಾಕಿದಳು. ಕಾರಣ ಎಂಬಲ್ಲಿ ಪೆನ್ನು ನಿಂತಿತು. ಕೊನೆಗೆ, "ಇಟ್ಟ ರೀತಿಯಿಂದ," ಎಂದು ಬರೆದಳು.

"ನನ್ನ ಹೆಸರು ಬರೀರಿ," ಎಂದಳು ಹೊಲಿಗೆಯಮ್ಮ. "ಹೆಂಡತಿ ಮಾಡಿದ್ದು ಅಂತ ಬರೀರಿ."

"ಅದಕ್ಕೆ ಜಾಗ ಇಲ್ಲಮ್ಮಾ. ತಗೊಂಡವರ ಹೆಸರು ಒಂದೇ ಇರೋದು."

"ಹಂಗಾದ್ರೆ ಓದಿದೋರು ಏನಂದ್ಕೋತಾರೆ? ಇವರಿಗೆ ಇಡೋಕೆ ಬರಲಿಲ್ಲ ಅಂತ ತಾನೇ?"

ಆ ಹೆಂಗಸು ಕಾಗದ ನೋಡಿದಳು.

"ಇವರು ಹೇಳಿದ್ರು ಕಣಮ್ಮಾ. ದಿನಾ ಹೇಳಿದ್ರು. ನಿಲ್ಲಿಸಿ ನಿಲ್ಲಿಸಿ ತೋರಿಸಿದ್ರು. ನಾನು ಆಟ ಅಂದ್ಕೊಂಡೆ. ಅದನ್ನಾದ್ರೂ ಬರೀರಿ."

"ಕಂಪ್ಯೂಟರಿಗೆ ಏರಿಸೋವಾಗ ಇದು ಉಳಿಯಲ್ಲ," ಎಂದಳು ಆಕೆ. ಆದರೂ ಅಂಚಿನಲ್ಲಿ, ಇರುಕಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಳು. ಅದಕ್ಕಿಂತ ಹೆಚ್ಚು ಆಕೆಯ ಕೈಯಲ್ಲೂ ಇರಲಿಲ್ಲ.

ಸಹಿ ಮೇಷ್ಟ್ರದೇ ಆಗಬೇಕಿತ್ತು. ಪೆನ್ನು ನಿಲ್ಲದ ಕೈ, ಹೆಬ್ಬೆಟ್ಟೇ ಗತಿ. ಹೊಲಿಗೆಯಮ್ಮ ಮಂಚದ ಅಂಚಿಗೆ ಕೂತು, ಅವರ ಎಡಗೈ ಹೆಬ್ಬೆರಳನ್ನು ಶಾಯಿಗೆ ಒತ್ತಿ, ಕಾಗದದ ಕಡೆ ತಂದಳು. ಮೇಷ್ಟ್ರು ಓದಲಾರರು ಎಂದು ಎಲ್ಲರೂ ಹೇಳಿದ್ದರು. ಅವರು ಕಾಗದವನ್ನು ನೋಡಲೂ ಇಲ್ಲ. ಸ್ಟೂಲಿನ ಮೇಲೆ ಈಗ ನೆಟ್ಟಗೆ ನಿಂತಿದ್ದ ಡಬ್ಬಗಳನ್ನು ನೋಡುತ್ತಿದ್ದರು. ಕೈ ಬಿಗಿ ಮಾಡಲಿಲ್ಲ. ಹೆಬ್ಬೆಟ್ಟು ಸಲೀಸಾಗಿ ಬಿತ್ತು.

ಉಸ್ತುವಾರಿಯವಳು ಡಬ್ಬಗಳನ್ನು ನಿಲ್ಲಿಸಿಯೇ ಪೆಟ್ಟಿಗೆಯಲ್ಲಿಟ್ಟು, ಸ್ಪಂಜು ತುರುಕಿ, 'ಈ ಕಡೆ ಮೇಲೆ' ಎಂಬ ಚೀಟಿ ಅಂಟಿಸಿದಳು. ಬಾಗಿಲಲ್ಲಿ ಏನೋ ಹೇಳಬೇಕೆಂದು ನಿಂತಳು. "ಸರ್‌ನ ನೋಡ್ಕೊಳ್ಳಿ," ಎಂದಳು. ಹೇಳಿದ ಮೇಲೆ ಹೇಳಬಾರದಿತ್ತೇನೋ ಅನ್ನಿಸಿ ತಲೆ ತಗ್ಗಿಸಿ ಹೊರಟಳು.

ಹೊಲಿಗೆಯಮ್ಮ ಒದ್ದೆ ಬಟ್ಟೆ ತಂದು ಹೆಬ್ಬೆರಳ ಶಾಯಿ ಒರೆಸತೊಡಗಿದಳು. ಉಗುರಿನ ಸಂದಿನದು ಹೋಗಲಿಲ್ಲ. ಕೈ ಆಕೆಯ ಕೈಯಲ್ಲಿ ಸುಮ್ಮನೆ ಬಿದ್ದಿತ್ತು. ಇವತ್ತು ಅದು ಗೋಡೆಹಲಗೆಯ ಕಡೆ ಏಳಲಿಲ್ಲ. ಏಳಲು ಅಲ್ಲಿ ಏನೂ ಇರಲಿಲ್ಲ.

"ಬೈರಿ ಒಂದ್ಸಲ," ಎಂದಳು. "ನಿನ್ನ ಕೈಗೆ ಏನೂ ಸಿಗಬಾರದು ಅಂತ ಅನ್ನಿ. ಅದೊಂದು ಅಂದ್ಬಿಡಿ."

ಮೇಷ್ಟ್ರು ಆಕೆಯ ಮುಖ ನೋಡಿದರು. ಆಮೇಲೆ ಕಣ್ಣು ತೋಳಿಗಿಳಿಯಿತು. ಅಲ್ಲೊಂದು ಬಿಳಿ ದಾರದ ಚೂರು ಅಂಟಿತ್ತು. ಎಡಗೈ ಮೆಲ್ಲಗೆ ಎದ್ದು ಬಂತು. ಎರಡು ಬೆರಳು ಹತ್ತಿರ ಬಂದವು, ಕೂಡಲಿಲ್ಲ, ದಾರವನ್ನು ಸವರಿ ಜಾರಿದವು. ಮತ್ತೆ ಬಂದವು.

ಮೂರನೆಯ ಸಲವೂ ದಾರ ಸಿಗಲಿಲ್ಲ. ಹೊಲಿಗೆಯಮ್ಮ ತೋಳು ಅಲುಗಿಸದೆ ಕೂತಿದ್ದಳು.