ಎತ್ತಿನ ಕೊಂಬಿನ ಅಳತೆ

ಭಾನುವಾರ ಬೆಳಿಗ್ಗೆ ಗೋವಿಂದರಾಜನ ಮನೆಯ ಪಡಸಾಲೆಗೆ ಮೊದಲು ಒಂದು ಕಾಡುಹಂದಿ ನುಗ್ಗಿತು. ಅದರ ಬೆನ್ನಿಗೇ ಮರಳಿ ಎಂಬ ಊರಿನ ರೈತನೊಬ್ಬ ಬೈಯುತ್ತ ಬಂದ. ಅವನ ಹಿಂದೆ ಅಕ್ಕಿ ಗಿರಣಿಗೆ ಕನ್ನ ಹಾಕಿದ ಕಳ್ಳ, ಕಳ್ಳನ ಹಿಂದೆ ಏದುಸಿರು ಬಿಡುವ ಕಾವಲುಗಾರ. ಇಷ್ಟೂ ಜನ ಬಂದದ್ದು ಗೋವಿಂದರಾಜನ ಒಂದೇ ಗಂಟಲಿನಿಂದ. ಅಡುಗೆಮನೆಯಲ್ಲಿ ಬೆಳಗಿನ ತಿಂಡಿ ಒಗ್ಗರಣೆಗೆ ಮಂಡಕ್ಕಿ ತೋಯಿಸುತ್ತಿದ್ದ ಹೆಂಡತಿ ಲಲಿತಾ ಅಲ್ಲಿಂದಲೇ ಕೇಳಿದಳು:

"ಹಂದಿಗೂ ಒಂದ್ ಪ್ಲೇಟ್ ಹಚ್ಚಲೇನು?"

"ಹಂದಿಗೆ ಬ್ಯಾಡ. ಹಂದಿ ಮಾಡಿದವಗ ಎರಡು ಹಚ್ಚು."

ಗೋವಿಂದರಾಜ ಗಂಗಾವತಿಯ 'ಚುರುಕು ಎಲೆಕ್ಟ್ರಿಕಲ್ಸ್' ಕಂಪನಿಯ ಮಾರಾಟ ಪ್ರತಿನಿಧಿ. ಕಂಪನಿ ಮಾಡುವುದು ಒಂದೇ ಸಾಮಾನು, ಕರೆಂಟ್ ಹೊಡೆಯುವ ಕೋಲು. ಬರುವ ಗುರುವಾರ ಕಂಪನಿಗೆ ಇಪ್ಪತ್ತೈದು ವರ್ಷ ತುಂಬುತ್ತಿತ್ತು. ಮಾಲೀಕ ಕರಿಬಸಪ್ಪನವರು ಅವನನ್ನು ಕರೆದು, "ಕಂಪನಿ ಇತಿಹಾಸ ನೀನ ಹೇಳಪಾ. ಓದಿದ್ರ ಮಂದಿ ಮಲಗ್ತಾರ. ಆಡಿ ತೋರಸು" ಎಂದಿದ್ದರು. ಆಡಿ ತೋರಿಸು ಎನ್ನುವುದು ಗೋವಿಂದರಾಜನಿಗೆ ಒಗ್ಗರಣೆಯ ಮೇಲೆ ಮಿರ್ಚಿ ಇಟ್ಟಂತೆ.

ಇತಿಹಾಸವೂ ಆಡಿ ತೋರಿಸುವಂಥದ್ದೇ. ಕೊಪ್ಪಳ ಬೇರೆ ಜಿಲ್ಲೆಯಾದ ತೊಂಬತ್ತೇಳನೇ ಇಸವಿಯಲ್ಲಿ ಕರಿಬಸಪ್ಪ ಪಂಪ್‌ಸೆಟ್ಟಿನ ಮೋಟಾರು ಸುತ್ತಿಕೊಡುತ್ತಿದ್ದರು. ಮರಳಿಯ ರೈತನೊಬ್ಬ ಬಂದು, ಭತ್ತದ ಗದ್ದೆಯನ್ನು ಹಂದಿಗಳು ಹಾಸಿಗೆ ಮಾಡಿಕೊಂಡಿವೆ, ಕೊಲ್ಲುವಂತಿಲ್ಲ, ಬಿಡುವಂತಿಲ್ಲ ಎಂದು ಅತ್ತ. ಕರಿಬಸಪ್ಪ ಒಂದು ಪೈಪಿನೊಳಗೆ ಬ್ಯಾಟರಿ, ಕಾಯಿಲ್ ಕೂರಿಸಿ, ತುದಿಗೆ ಎರಡು ಪಿನ್ನು ಇಟ್ಟರು. ಪಿನ್ನು ಹತ್ತಿರ ಬಂದರೆ ಕಿಡಿ ಅಲ್ಲೇ ಸತ್ತುಹೋಗುತ್ತಿತ್ತು, ದೂರ ಹೋದರೆ ಹಾರುತ್ತಲೇ ಇರಲಿಲ್ಲ. ತಲೆ ಕೆರೆದುಕೊಳ್ಳುವಾಗ ಗೋಡೆಯ ಗೂಡಿನಲ್ಲಿದ್ದ ಕಿನ್ನಾಳದ ಮರದ ಆಟಿಕೆ ಎತ್ತು ಕಣ್ಣಿಗೆ ಬಿತ್ತು. ಅದರ ಎರಡು ಕೊಂಬಿನ ತುದಿಗಳ ನಡುವಿನ ಅಳತೆಗೆ ಪಿನ್ನು ಕೂರಿಸಿ, ತಮ್ಮ ತೊಡೆಗೇ ಒತ್ತಿಕೊಂಡು ನೋಡಿದರು. ಹಾರಿ ಬಿದ್ದವರು ಎದ್ದದ್ದು ಮೋಟಾರಿನ ವಾರ್ನಿಷ್ ಡಬ್ಬಿಗಳ ನಡುವಿನಿಂದ.

ಅಂದಿನಿಂದ ಬೇರೆ ಅಳತೆಯಿಲ್ಲ. ಮೂವತ್ತು ಹೆಣ್ಣುಮಕ್ಕಳು ಕೋಲು ಜೋಡಿಸುತ್ತಾರೆ, ಪ್ರತಿಯೊಬ್ಬರ ಮೇಜಿನ ಮೇಲೂ ಕಿನ್ನಾಳದಿಂದ ಮಾಡಿಸಿ ತಂದ ಒಂದು ಎತ್ತಿನ ತಲೆ. ಪಿನ್ನಿನ ಮೇಲೆ ಕೊಂಬು ಸರಿಯಾಗಿ ಕೂತರೆ ಕೋಲು ಪಾಸು. ಗಿರಾಕಿಗಳ ಊರಿಗೆ ಹೋಗಿ ರಿಪೇರಿ ಮಾಡುವ ಗೋವಿಂದರಾಜನ ಬೀಗದ ಕೈ ಗೊಂಚಲಿನಲ್ಲೂ ಅಂಥದೊಂದು ತಲೆ ನೇತಾಡುತ್ತಿತ್ತು.

ಹಂದಿಯ ಕೋಲು ಮುಂದೆ ಗಿರಣಿ ಕಾವಲಿಗೆ ಬಂತು. ಆಮೇಲೆ ಹೆಣ್ಣುಮಕ್ಕಳ ಕೈಚೀಲಕ್ಕೆ ಗಿಡ್ಡದಾಗಿ ಬಂತು. ಆಮೇಲೆ ಯಾರ್ಯಾರು ಕೇಳಿದರೋ ಅವರಿಗೆಲ್ಲ. 'ಜೀವ ತೆಗೆಯುವುದಿಲ್ಲ, ಬುದ್ಧಿ ಕಲಿಸದೆ ಬಿಡುವುದಿಲ್ಲ' ಎಂದು ಪೆಟ್ಟಿಗೆಯ ಮೇಲಿನ ಸಾಲು ಬರೆದವನು ಗೋವಿಂದರಾಜನೇ. ಮಾರುವಾಗ ಅವನು ಕೋಲನ್ನು ಚೀಲದಿಂದ ತೆಗೆಯುವುದೇ ಅಪರೂಪ. ನಾಲಗೆಯನ್ನು ಅಂಗುಳಿಗೆ ಹಚ್ಚಿ 'ಟರ್ರ್‌ರ್ ಟಕಟಕಟಕ' ಎಂದರೆ ಸಾಕು, ಗಿರಾಕಿ ಕಾಲು ಹಿಂದೆ ತೆಗೆದುಕೊಳ್ಳುತ್ತಿದ್ದ.

ಪಡಸಾಲೆಯ ಮೂಲೆಯಲ್ಲಿ ಲಲಿತಾಳ ತಮ್ಮ ಯಂಕೇಶ ಕೂತಿದ್ದ. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ. ಕುಷ್ಟಗಿಯ ಲಾರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಕುಡಿತ ಹೆಚ್ಚಾಗಿ, ಹಾಕಿಕೊಂಡ ಅಂಗಿಯನ್ನೂ ಮಾರುವ ಮಟ್ಟಕ್ಕೆ ಬಂದಾಗ ಅಕ್ಕ-ಮಾಮ ಸೇರಿ ಅವನನ್ನು ಯಲಬುರ್ಗಾ ಕಡೆಯ ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದ್ದರು. ಎರಡು ತಿಂಗಳು ಮುಗಿಸಿ ಎಂಟು ದಿನದ ರಜೆಗೆ ಬಂದಿದ್ದ. ಸೋಮವಾರ ಕೇಂದ್ರದ ಗಾಡಿ ಬಂದು ಇನ್ನೊಂದು ತಿಂಗಳಿಗೆ ಕರೆದೊಯ್ಯುವುದಿತ್ತು. ಕೂಡು ಎಂದರೆ ಕೂಡುತ್ತಿದ್ದ, ಉಣ್ಣು ಎಂದರೆ ಉಣ್ಣುತ್ತಿದ್ದ. "ಎಷ್ಟ್ ಸುಧಾರಿಸ್ಯಾನ ನೋಡ್ರಿ ನಮ್ಮ ಹುಡುಗ" ಎಂದು ಲಲಿತಾ ಓಣಿಗೆಲ್ಲ ಹೇಳಿ ಬಂದಿದ್ದಳು.

ಗೋವಿಂದರಾಜ ಕಳ್ಳನ ಕಥೆಯನ್ನು ತುದಿಗೆ ತಂದ. ಕಾವಲುಗಾರ ಕೋಲು ಎತ್ತುತ್ತಾನೆ, ಕಳ್ಳ ಕಣ್ಣು ಬಿಡುತ್ತಾನೆ...

"ಟರ್ರ್‌ರ್ ಟಕಟಕಟಕ!"

ಮೊರ ನೆಲಕ್ಕೆ ಬಿತ್ತು. ಅಕ್ಕಿ ಪಡಸಾಲೆಯ ತುಂಬ ಚೆಲ್ಲಿತು. ಯಂಕೇಶ ಎದ್ದು ಗೋಡೆಗೆ ಮುಖ ಮಾಡಿ ನಿಂತಿದ್ದ. ತನ್ನ ಅಂಗಿಯನ್ನು ತಾನೇ ಹಿಂದಿನಿಂದ ಕುತ್ತಿಗೆಯವರೆಗೆ ಎತ್ತಿ ಹಿಡಿದು,

"ತಪ್ಪಾತ್ರಿ ಸರ... ಇವತ್ತ ಎರಡ ಸಾಕ್ರಿ ಸರ" ಎಂದ.

ಗೋವಿಂದರಾಜ ನಕ್ಕುಬಿಟ್ಟ. ಭಾಮೈದ ತನ್ನ ಆಟಕ್ಕೆ ಕೂಡಿಕೊಂಡ ಎಂದೇ ತಿಳಿದ. "ಭಲೇ ಯಂಕ್ಯಾ! ಕಳ್ಳನ ಪಾರ್ಟು ನಿನಗ ಕೊಡಬೇಕ್ ನೋಡು!" ಎಂದು ಚಪ್ಪಾಳೆಯನ್ನೂ ತಟ್ಟಿದ. ಮೂರನೇ ಚಪ್ಪಾಳೆಗೆ ಕೈ ತಡೆಯಿತು. ಯಂಕೇಶನ ಪೈಜಾಮ ತೊಯ್ದು, ನೀರು ಹರಿದು ಅಕ್ಕಿಯ ಕಡೆ ಬರುತ್ತಿತ್ತು.

ಅಡುಗೆಮನೆ ಬಾಗಿಲಿಗೆ ಬಂದ ಲಲಿತಾ ಸೌಟು ಹಿಡಿದೇ ನಿಂತಳು. ಇಬ್ಬರ ಕಣ್ಣೂ ಯಂಕೇಶನ ಬೆನ್ನಿನ ಮೇಲೆ. ಸೊಂಟದಿಂದ ಹೆಗಲವರೆಗೆ ಕಂದು ಚುಕ್ಕೆಗಳು. ಒಂಟಿ ಚುಕ್ಕೆ ಒಂದೂ ಇಲ್ಲ, ಎಲ್ಲವೂ ಜೋಡಿ.

ಗೋವಿಂದರಾಜನ ಕೈ ಗೂಟದಲ್ಲಿದ್ದ ಬೀಗದ ಕೈ ಗೊಂಚಲಿಗೆ ಹೋಯಿತು. ಹೋಗಬಾರದಿತ್ತು ಎಂದು ಆಮೇಲೆ ಅನ್ನಿಸಿತು. ಎತ್ತಿನ ತಲೆಯನ್ನು ಯಂಕೇಶನ ಬೆನ್ನ ಹತ್ತಿರ ಹಿಡಿದ. ಮೊದಲ ಜೋಡಿಯ ಮೇಲೆ ಎರಡೂ ಕೊಂಬು ಸರಿಯಾಗಿ ಕೂತವು. ಎರಡನೆಯದರ ಮೇಲೆ ಕೂತವು. ಮೂರನೆಯದಕ್ಕೆ ಹಿಡಿಯದೆ ಗೊಂಚಲನ್ನು ಕೆಳಗಿಳಿಸಿದ.

"ಏನ್ರಿ ಅದು?" ಲಲಿತಾ ಕೇಳಿದಳು.

"ನಮ್ದು" ಎಂದ ಗೋವಿಂದರಾಜ. ಅದು ಅವನದೇ ದನಿ, ಆದರೆ ಯಾರದೋ ದನಿಯಂತೆ ಕೇಳಿತು.

ಅವನಿಗೆ ಆ ದಿನ ನೆನಪಾಯಿತು. ಒಂದೂವರೆ ವರ್ಷದ ಹಿಂದೆ ಆ ಕೇಂದ್ರಕ್ಕೆ ಕೋಲು ಮಾರಿದವನು ಅವನೇ. ಕಾವಲಿಗೆ ಎರಡು ಸಾಕು ಎಂದಿದ್ದ ವಾರ್ಡನ್ ಎದುರು ಒಬ್ಬ ಕುಡುಕನಿಗೆ ಕರೆಂಟ್ ಹೊಡೆದಂತೆ ಆಡಿ ತೋರಿಸಿದ್ದ. ವಾರ್ಡನ್ ಹೊಟ್ಟೆ ಹಿಡಿದು ನಕ್ಕು ನಾಲ್ಕು ತೆಗೆದುಕೊಂಡಿದ್ದ.

ಯಂಕೇಶನಿಗೆ ನೀರು ಹಾಕಿ, ಬಟ್ಟೆ ಬದಲಿಸಿ, ಲಲಿತಾ ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಆಗ ಅವನು ಒಂದೊಂದಾಗಿ ಹೇಳಿದ. ಬೆಳಿಗ್ಗೆ ತಡವಾಗಿ ಎದ್ದರೆ ಒಂದು, ಮನೆ ನೆನಪಾಯಿತೆಂದು ಅತ್ತರೆ ಎರಡು.

"ನನಗ ಬಿಡು ಅಕ್ಕಾ, ಮೈ ಗಟ್ಟಿ ಐತಿ. ಹೊನ್ನೂರಪ್ಪಜ್ಜ ಅಂತ ಒಬ್ಬಾಂವ ಅದಾನ, ಅರವತ್ತರ ಮ್ಯಾಗ. ಹೊಡದ್ರ ಅರ್ಧ ತಾಸು ಕೈ ನಡಗತಾವು. ಅಂವ ಇನ್ನ ಅಲ್ಲೇ ಅದಾನ."

"ಬಂದ ದಿನಾನ ಯಾಕ ಹೇಳಲಿಲ್ಲೋ?"

ಯಂಕೇಶ ಮಾಮನ ಕಡೆ ನೋಡಿದ. "ಕೋಲಿನ ಮ್ಯಾಗ ಮಾಮಾನ ಕಂಪನಿ ಹೆಸರಿತ್ತು. ಇವರಿಗೆ ಗೊತ್ತಿದ್ದ ಕಳಿಸ್ಯಾರ ಅಂದ್ಕೊಂಡಿದ್ದೆ."

ಗೋವಿಂದರಾಜ ಅವನನ್ನು ಕೇಳಿ, ಬೆನ್ನ ಪಕ್ಕ ಎತ್ತಿನ ತಲೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದ.  

ಮಧ್ಯಾಹ್ನ ಅವನು ಕರಿಬಸಪ್ಪನವರ ಮನೆಯಲ್ಲಿದ್ದ. ಎಪ್ಪತ್ತೆರಡರ ಮುದುಕ ಮೊಬೈಲಿನ ಫೋಟೋವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ಮತ್ತೆ ದೊಡ್ಡದು ಮಾಡಿ ನೋಡಿದರು. ಬೆನ್ನು, ಚುಕ್ಕೆ, ಪಕ್ಕದಲ್ಲಿ ಎತ್ತಿನ ತಲೆ.

ಕಂಪನಿ ನಡೆಸುವ ಮಗ ಪ್ರಭುರಾಜ ಕುರ್ಚಿ ಎಳೆದುಕೊಂಡು ಕೂತ. ಕೆಟ್ಟವನಲ್ಲ, ಲೆಕ್ಕಾಚಾರದವನು. "ಭಾಳ ಕೆಟ್ಟ ಆಗೈತಿ ಗೋವಿಂದಣ್ಣ, ಇಲ್ಲ ಅನ್ನಂಗಿಲ್ಲ. ಆದ್ರ ಕಂಬಾರ ಕುಡಗೋಲ ಮಾಡ್ತಾನ. ಯಾರೋ ಅದರಿಂದ ಮನಷ್ಯಾಗ ಹೊಡದ್ರ ಕಂಬಾರನ ಕುಲುಮಿ ಮುಚ್ಚಸ್ತೀರೇನು? ಹೋದ ವರ್ಷ ಕುಷ್ಟಗಿ ನರ್ಸಮ್ಮ ನಮ್ಮ ಕೋಲಿನಿಂದ ಮಾನ ಉಳಿಸ್ಕೊಂಡ್ಲು. ಅದೂ ಇತಿಹಾಸನ ಅಲ್ಲೇನು? ಮೂವತ್ತು ಮಂದಿ ಹೆಣ್ಮಕ್ಕಳು ಇದರ ಮ್ಯಾಗ ಅದಾರ. ನಮ್ಮ ಕೋಲು ಅಂತ ನಾವ ಒಪ್ಪಿದ್ರ ನಾಳೆ ಪೇಪರಿನ್ಯಾಗ ಬರೋದು ವಾರ್ಡನ್ ಹೆಸರಲ್ಲ, ನಮ್ಮ ಹೆಸರು."

"ನರ್ಸಮ್ಮನ ಮುಂದ ನಿಂತವಗ ಓಡಿ ಹೋಗಾಕ ಹಾದಿ ಇತ್ತು ಸಣ್ಣ ಸಾಹುಕಾರ್ರ" ಎಂದ ಗೋವಿಂದರಾಜ. "ಹಂದಿಗೂ ಇತ್ತು. ಅಲ್ಲಿ ಹೊರಗಿಂದ ಚಿಲಕ ಹಾಕ್ಯಾರ."

"ಹಂಗಾರ ನೀ ಯಾಕ ಮಾರಿದಿ?"

"ನಗಿಸಿ ಮಾರಿದೆ. ಯಾವ ಬೆನ್ನಿಗೆ ಅಂತ ಕೇಳಲಿಲ್ಲ."

ಕರಿಬಸಪ್ಪ ಮೊಬೈಲನ್ನು ಬೋರಲು ಹಾಕಿ ಇಟ್ಟರು. ಅವರ ಕೈ ತಾನಾಗಿ ಬಲತೊಡೆಯ ಮೇಲೆ ಹೋಗಿ ನಿಂತಿತು. "ನಾ ಒಂದ ಸಲ ತಿಂದೀನಿ. ಎರಡು ದಿನ ಉಣ್ಣಾಕ ಆಗಲಿಲ್ಲ" ಎಂದರು. ಆಮೇಲೆ ಮಗನಿಗೆ, "ಈ ಅಳತಿ ಊರಾಗ ಇನ್ಯಾರದರ ಐತೇನು?" ಎಂದು ಕೇಳಿದರು.

ಪ್ರಭುರಾಜ ತಲೆ ತಗ್ಗಿಸಿದ. ಎತ್ತಿನ ಅಳತೆ ಅವರೊಬ್ಬರದೇ.

"ಗೋವಿಂದಾ, ನಾಳೆ ಅವರ ಗಾಡಿ ಬರೋದು ಬ್ಯಾಡ ಅಂತ ಫೋನ್ ಮಾಡು. ನಾವ ಹೋಗೋಣು. ಸರ್ವಿಸ್ ಚೀಲ ತಗೋ."

ಸೋಮವಾರ ಹತ್ತು ಗಂಟೆಗೆ ಇಬ್ಬರೂ ಕೇಂದ್ರದ ಮುಂದಿನ ಕೋಣೆಯಲ್ಲಿ ಕೂತಿದ್ದರು. ಫ್ರೀ ಸರ್ವಿಸ್ ಎಂದ ಕೂಡಲೇ ವಾರ್ಡನ್ ನಾಲ್ಕೂ ಕೋಲು ತಂದು ಮೇಜಿನ ಮೇಲಿಟ್ಟ. ಚಹಾ ಹೇಳಿದ. "ಗೋವಿಂದಣ್ಣಾ, ಆವತ್ತಿನ ಕುಡುಕನ ಆಟ ಇನ್ನೊಮ್ಮೆ ಆಗ್ಲೆಪಾ!" ಎಂದ.

ಗೋವಿಂದರಾಜ ಸ್ಕ್ರೂಡ್ರೈವರ್ ತೆಗೆದು ಯಜಮಾನರ ಕೈಗೆ ಕೊಟ್ಟ. ಕರಿಬಸಪ್ಪ ಮೊದಲ ಕೋಲಿನ ಹಿಂಬದಿ ಬಿಚ್ಚಿದರು. ಬ್ಯಾಟರಿ ಹೊರಗೆ ಬಂತು, ಕಾಯಿಲ್ ಹೊರಗೆ ಬಂತು. ಕಾಯಿಲನ್ನು ಜೇಬಿಗೆ ಹಾಕಿ ಖಾಲಿ ಕೋಲಿನ ಮುಚ್ಚಳ ತಿರುಗಿಸಿದರು. ಎರಡನೆಯದು. ಮೂರನೆಯದಕ್ಕೆ ವಾರ್ಡನ್ನಿಗೆ ಅನುಮಾನ ಬಂತು.

"ಏನ್ ಮಾಡಾಕತ್ತೀರಿ ಯಜಮಾನ್ರ?"

"ಸರ್ವಿಸ್" ಎಂದರು ಕರಿಬಸಪ್ಪ, ಕೈ ನಿಲ್ಲಿಸದೆ. "ಹಂದಿಗೆ ಮಾಡಿದ್ದು. ಮಂದಿಗೆ ಹತ್ತೈತಿ."

ವಾರ್ಡನ್ನನ ಮುಖ ಕೆಂಪಾಯಿತು. "ನಿಮಗೇನ್ ಗೊತ್ರಿ ಇಲ್ಲಿ ಕಷ್ಟ? ಹೆಂಡ್ರ ಹಲ್ಲು ಉದುರಿಸಿದವರು, ತಾಯಿ ತಾಳಿ ಮಾರಿದವರು ಬರ್ತಾರ. ಆ ತಾಯಂದ್ರು ನನ್ನ ಕಾಲ ಹಿಡೀತಾರ, ಹೆಂಗರ ಮಾಡಿ ಸರಿ ಮಾಡ್ರಿ ಅಂತ. ಅಂಜಿಕಿ ಇಲ್ಲದ ಯಾರ್ ಸುಧಾರಿಸ್ತಾರ? ಎಲುಬು ಮುರದಿಲ್ಲ, ರಕ್ತ ಬಂದಿಲ್ಲ. ನಿಮ್ಮ ಡಬ್ಬಿ ಮ್ಯಾಗ ನೀವ ಬರದೀರಲ್ಲ, ಜೀವ ತೆಗೆಯೋದಿಲ್ಲ, ಬುದ್ಧಿ ಕಲಿಸ್ತದ ಅಂತ!"

"ಬರದಾಂವ ನಾನು" ಎಂದ ಗೋವಿಂದರಾಜ. "ತಪ್ಪು ಬರದೀನಿ. ಯಂಕೇಶ ಈಗ ಕುಡಿಯಂಗಿಲ್ಲ, ಖರೆ. ಮಾತೂ ಆಡಂಗಿಲ್ಲ."

ಒಳಬಾಗಿಲ ಜಾಲರಿಯ ಹಿಂದೆ ಏಳೆಂಟು ಮುಖಗಳು ಕೂಡಿದ್ದವು. ಅವುಗಳಲ್ಲಿ ಒಂದು ಮುಖ ಮುದುಕನದು. ಕರಿಬಸಪ್ಪ ಅದನ್ನೇ ನೋಡಿ, "ಹೊನ್ನೂರಪ್ಪ ಅಂದ್ರ ನೀನೇನಪಾ?" ಎಂದರು. ಮುದುಕ ಹೆಸರು ಕೇಳಿದ್ದಕ್ಕೇ ಹೆದರಿ ಗೋಡೆಗೆ ತಿರುಗಿ ಅಂಗಿ ಎತ್ತಿದ.

 ಚಹಾ ತಂದವನು ತಟ್ಟೆ ಹಿಡಿದೇ ನಿಂತ. ವಾರ್ಡನ್ ಕೂಡ ಆ ಬೆನ್ನನ್ನು ಹಗಲು ಬೆಳಕಿನಲ್ಲಿ, ಮೂರನೆಯವರ ಎದುರಿಗೆ ಮೊದಲ ಸಲ ನೋಡುತ್ತಿದ್ದನೇನೋ, ಕಣ್ಣು ಕೆಳಗಿಳಿಸಿದ.

"ಇಳಸು ಯಪ್ಪಾ, ಅಂಗಿ ಇಳಸು" ಎಂದರು ಕರಿಬಸಪ್ಪ.  ನಾಲ್ಕನೇ ಕೋಲಿನ ಸ್ಕ್ರೂ ಕಳಚಲು ಅವರಿಗೆ ಆಗಲಿಲ್ಲ. ಗೋವಿಂದರಾಜ ಕಳಚಿದ.

ಅಲ್ಲಿಂದ ಅವರು ನೇರ ಪೊಲೀಸ್ ಠಾಣೆಗೆ ಹೋದರು. ಗಾಯಗಳು ಬೀಡಿ ಸುಟ್ಟದ್ದೆಂದು ಕೇಂದ್ರದವರು ಹೇಳಬಹುದಿತ್ತು, ಅದಕ್ಕೆ ಆಸ್ಪದ ಕೊಡದಂತೆ ಕರಿಬಸಪ್ಪ ತಮ್ಮ ಕೈಯಾರೆ ಬರೆದುಕೊಟ್ಟರು: ಈ ಅಳತೆ ನನ್ನದು, ಈ ಕೋಲು ನನ್ನದು. ಬರೆದ ಕಾಗದದ ಜೊತೆ ಒಂದು ಎತ್ತಿನ ತಲೆಯನ್ನೂ, ಕಾಯಿಲುಗಳನ್ನೂ ಇಟ್ಟರು. ಪೊಲೀಸರು ಕೇಂದ್ರಕ್ಕೆ ಹೋದ ಮೇಲೆ, ಅಂದು ಸಂಜೆಯೊಳಗೆ ಹೊನ್ನೂರಪ್ಪನ ಮಗಳು ಬಂದು ಅವನನ್ನು ಕರೆದುಕೊಂಡು ಹೋದಳೆಂದು ಠಾಣೆಯಿಂದ ಫೋನು ಬಂತು. ಇನ್ನು ಮುಂದೆ ಚಿಲಕ ಹಾಕುವ ಯಾವ ಜಾಗಕ್ಕೂ ಕೋಲು ಕೊಡಕೂಡದು ಎಂದು ಕರಿಬಸಪ್ಪ ಮಗನಿಗೆ ಹೇಳಿದರು. ಪ್ರಭುರಾಜ ಹೂಂ ಎನ್ನಲಿಲ್ಲ, ಊಹೂಂ ಎಂದೂ ಎನ್ನಲಿಲ್ಲ. ಮರುದಿನ ಪೆಟ್ಟಿಗೆಯ ಅಚ್ಚಿನವನಿಗೆ ಫೋನ್ ಮಾಡಿ 'ಬುದ್ಧಿ ಕಲಿಸದೆ ಬಿಡುವುದಿಲ್ಲ' ಎಂಬ ಸಾಲನ್ನು ತೆಗೆಸಿದ.

ಆ ಸೋಮವಾರ ಸಂಜೆ ಗೋವಿಂದರಾಜ ಮನೆಗೆ ಬಂದಾಗ ಯಂಕೇಶ ಹೊಸ್ತಿಲ ಮೇಲೆ ಕೂತಿದ್ದ. ಮಾಮನ ಬರಿಗೈ ನೋಡಿದ.

"ಕೋಲು?"

"ನಾಲ್ಕೂ ಬಿಚ್ಚಿದಿವಿ. ಯಜಮಾನ್ರು ಖಾಲಿ ಕೋಲಿನ ಬಟನ್ ಒತ್ತಿ ನೋಡಿದ್ರು."

"ಹೆಂಗ ಕೇಳಿಸ್ತು?"

ಗೋವಿಂದರಾಜ ಹಿಂಜರಿದ. ಭಾಮೈದನ ಕಣ್ಣು ತನ್ನ ಬಾಯಿಯ ಮೇಲಿತ್ತು. ಅವನು ತುಟಿ ಒದ್ದೆ ಮಾಡಿಕೊಂಡು, ಬಹಳ ಮೆಲ್ಲಗೆ, "ಟಿಕ್" ಎಂದ.

ಯಂಕೇಶ ಕಾದ. ಮುಂದೇನೂ ಬರಲಿಲ್ಲ. ಒಳಗೆ ಲಲಿತಾ ಒಗ್ಗರಣೆ ಹಾಕಿದ ಸಪ್ಪಳ ಬಂತು, ಅಷ್ಟೇ.

"ಅಷ್ಟ?"

"ಅಷ್ಟ."

"ಇನ್ನೊಮ್ಮೆ ಮಾಡು."

"ಟಿಕ್."

ಯಂಕೇಶ ಮೊಣಕಾಲ ಮೇಲೆ ಗಲ್ಲ ಇಟ್ಟುಕೊಂಡ. ಆಮೇಲೆ, "ಗುರುವಾರದ ಕಾರ್ಯಕ್ರಮ ಐತೇನು?" ಎಂದು ಕೇಳಿದ.

"ಐತಿ. ಇತಿಹಾಸ ಪೂರ್ತಿ ಹೇಳು ಅಂದಾರ ಯಜಮಾನ್ರು. ನಿಂದೂ."

"ಆಡಿ ತೋರಸುವಾಗ ನನ್ನ ದನಿ ನೀ ತಗೀಬ್ಯಾಡ ಮಾಮಾ."

"ಇಲ್ಲಪಾ. ಖರೇನ ತಗೆಯಂಗಿಲ್ಲ."

"ನಾನ ಬಂದು ಹೇಳ್ತೀನಿ" ಎಂದ ಯಂಕೇಶ. ಎದ್ದು ಒಳಗೆ ಹೋಗುತ್ತ ಎಂಟು ದಿನದಲ್ಲಿ ಮೊದಲ ಸಲ ಜೋರಾಗಿ ಕೂಗಿದ: "ಅಕ್ಕಾ, ಗುರುವಾರಕ್ಕ ನನ್ನ ಬಿಳಿ ಅಂಗಿ ಇಸ್ತ್ರಿ ಮಾಡಿಡು!"