ಸದ್ದು ಮಾಡದ ಹೊಟ್ಟೆ

ಅತ್ತಿಗೆ ಬಟ್ಟೆ ಹೊಲಿಯುತ್ತಿದ್ದಳು. ಅದೇ ಅಂಗಡಿಯ ಇನ್ನೊಂದು ಮೂಲೆಯಲ್ಲಿ ನಾದಿನಿ ಇಸ್ತ್ರಿ ಹಾಕುತ್ತಿದ್ದಳು. ಮಶಿನ್ ತುಳಿದು ತುಳಿದು ಒಬ್ಬಳ ಮಂಡಿ ಸವೆದಿತ್ತು, ನಿಂತು ನಿಂತು ಇನ್ನೊಬ್ಬಳದು. ಯಾರಿಗೆ ನೋವು ಜಾಸ್ತಿ ಅನ್ನುವುದರಲ್ಲೂ ಇಬ್ಬರಿಗೂ ಪೈಪೋಟಿ.

ಡಾಕ್ಟರು ಇಬ್ಬರನ್ನೂ ಒಂದು ಪರೀಕ್ಷೆಗೆ ಸೇರಿಸಿಕೊಂಡರು. ಕರುಳಿಗೆ ಒಳ್ಳೆಯ ಬ್ಯಾಕ್ಟೀರಿಯಾ ಕಳಿಸಿದರೆ ಮಂಡಿ ನೋವು ಇಳಿದೀತೇ ಅಂತ ಅವರಿಗೆ ನೋಡಬೇಕಿತ್ತು.

"ಕೆಲವರ ಡಬ್ಬಿಯ ಮಾತ್ರೆಯಲ್ಲಿ ಜೀವಂತ ಬ್ಯಾಕ್ಟೀರಿಯಾ, ಕೆಲವರದರಲ್ಲಿ ಬರೀ ಹಿಟ್ಟು. ಯಾರಿಗೆ ಯಾವುದು ಅಂತ ಈಗ ನನಗೂ ಗೊತ್ತಿಲ್ಲ," ಅಂದರು.

"ಹೊಟ್ಟೆಯಿಂದ ಮಂಡಿಗೆ ಇಳಿಯೋ ದಾರಿ ಅವಕ್ಕೆ ಗೊತ್ತಾ ಡಾಕ್ಟ್ರೇ?" ಅಂತ ಅತ್ತಿಗೆ ಕೇಳಿದಳು.

ಮಾತ್ರೆ ಶುರುವಾದ ಕೆಲವೇ ದಿನಕ್ಕೆ ನಾದಿನಿಯ ಹೊಟ್ಟೆ ಗುಡುಗುಡು ಅನ್ನತೊಡಗಿತು. "ಕೇಳಿಸ್ತಾ ಅತ್ತಿಗೆ? ಕೆಲಸ ಶುರು ಮಾಡಿವೆ!" ಅಂತ ಬೀಗಿದಳು. ಅತ್ತಿಗೆಯ ಹೊಟ್ಟೆ ತೆಪ್ಪಗಿತ್ತು. ಅದರಲ್ಲಿ ಕಿಚ್ಚು ಮಾತ್ರ ಚೆನ್ನಾಗಿ ಹೊತ್ತಿಕೊಂಡಿತು. ನಾದಿನಿ ಊಟಕ್ಕೆ ಎದ್ದಾಗ ಡಬ್ಬಿ ಅದಲುಬದಲು ಮಾಡಿಬಿಟ್ಟಳು.

ಅಲ್ಲಿಂದ ಅವಳ ಮಂಡಿ ಹಗುರಾಯಿತು. ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿದಳು. ವಿಚಿತ್ರವೆಂದರೆ ನಾದಿನಿಯೂ ಚುರುಕಾಗಿ ಓಡಾಡುತ್ತಿದ್ದಳು, ಹೊಟ್ಟೆಯೂ ಗುಡುಗುತ್ತಲೇ ಇತ್ತು. ಹಳೇ ಸ್ಟಾಕು ಒಳಗೆ ಉಳಿದಿರಬೇಕು ಅಂದುಕೊಂಡು ಅತ್ತಿಗೆ ಸುಮ್ಮನಾದಳು.

ಪರೀಕ್ಷೆ ಮುಗಿಯಿತು. ಅತ್ತಿಗೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಿಂತು ಬಲ್ಬು ಬದಲಿಸುತ್ತಿದ್ದಾಗ ನಾದಿನಿ ಆಸ್ಪತ್ರೆಯಿಂದ ಏದುಸಿರು ಬಿಡುತ್ತಾ ಬಂದಳು.

"ಅತ್ತಿಗೆ! ನಮ್ಮಿಬ್ಬರಿಗೂ ಕೊಟ್ಟಿದ್ದು ಬರೀ ಹಿಟ್ಟಂತೆ!"

"ಇಬ್ಬರಿಗೂ?"

ಅಷ್ಟೇ. ಅತ್ತಿಗೆಯ ಮಂಡಿಯಲ್ಲಿ ಛಳಕ್ ಅಂತು. "ಅಯ್ಯೋ, ಇಳಿಸೇ ನನ್ನ!" ಅಂತ ಬಲ್ಬು ಹಿಡಿದೇ ಕೂಗಿದಳು.

"ಹೇಗೆ ಇಳಿಸಲಿ? ನನ್ನದೂ ಹಿಡ್ಕೊಂಡಿತು!" ಅಂತ ನಾದಿನಿ ಕುರ್ಚಿಗೆ ಕುಸಿದಳು.

ಪಕ್ಕದ ಬೇಕರಿಯಲ್ಲಿ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದ ಅತ್ತಿಗೆಯ ಗಂಡ ಕೈ ತೊಳೆಯದೆಯೇ ಓಡಿಬಂದು, ಹೆಂಡತಿಯನ್ನು ಮೂಟೆಯ ಹಾಗೆ ಎತ್ತಿ ಇಳಿಸಿದ.

ನಾದಿನಿಯ ಪಕ್ಕ ಕೂತು ಅತ್ತಿಗೆ ಮೆಲ್ಲಗೆ ಹೇಳಿದಳು: "ನಿನ್ನ ಡಬ್ಬಿ ನಾನು ಬದಲಾಯಿಸಿದ್ದೆ ಕಣೇ."

"ಗೊತ್ತು. ಮಾರನೇ ದಿನವೇ ನಾನು ವಾಪಸ್ ಬದಲಾಯಿಸಿದೆ."

ಇಬ್ಬರೂ ಮಂಡಿ ಉಜ್ಜಿಕೊಂಡರು.

"ಅಲ್ಲ ಕಣೇ," ಅಂದಳು ಅತ್ತಿಗೆ, "ಚೆನ್ನಾಗಿ ನಡೀತಿದ್ವಿ. ನಿಜ ಹೇಳೋಕೆ ಆ ಡಾಕ್ಟರಿಗೆ ಏನು ರೋಗ ಬಂದಿತ್ತು?"