ಎಂಬತ್ತು ಡಜನ್ ತೋಳು

ಕನಿಷ್ಠ ಕೂಲಿ ಏರಲೇಬೇಕೆಂದು ನಮ್ಮ ರಾಜಧಾನಿ ಪೋರ್ಟ್ ಔ ಪ್ರಿನ್ಸಿನ ಬೀದಿಯಲ್ಲಿ ಮೂರು ದಿನ ಕೂಗಿದೆವು. ಏರಿತು. ನಾಲ್ಕನೆಯ ದಿನ ಗಾರ್ಮೆಂಟ್ಸಿಗೆ ಬಂದರೆ ನಮ್ಮ ಲೈನಿನ ಗೋಡೆಗೆ ಹೊಸ ಕಾಗದ ಅಂಟಿತ್ತು. ಎಲ್ಲರೂ ನನ್ನನ್ನೇ ಮುಂದೆ ತಳ್ಳಿದರು. ಸಂಜೆ ಶಾಲೆಯಲ್ಲಿ ತಡವಾಗಿ ಕಲಿತವಳಾದ್ದರಿಂದ ಓದುವ ಹುಚ್ಚು ನನಗೇ ಹೆಚ್ಚು.

"ಏನ್ ಬರೆದಿದಾರೆ ಅಜ್ಜಿ?" ಎಂದಳು ಕೆಟ್ಲಿ. ನಮ್ಮ ಒಂಬತ್ತು ಹೆಂಗಸರಲ್ಲಿ ಎಲ್ಲರಿಗಿಂತ ಚಿಕ್ಕವಳು, ಚುರುಕು ಕೈಯವಳು.

"ದಿನಕ್ಕೆ ತಲಾ ನೂರಹತ್ತು ಡಜನ್ ಅಂಗಿ ತೋಳು ಹೊಲಿದ್ರೆ ಹೊಸ ಕೂಲಿ. ಇಲ್ಲಾಂದ್ರೆ ಹಳೇದೇ."

ಅಲ್ಲಿಯವರೆಗೆ ಎಂಬತ್ತಿತ್ತು. ನನ್ನ ಕೈಗೆ ಅದೇ ಕಡೆಯ ಗಡಿ. ನೂರಹತ್ತೆಂದರೆ ಕತ್ತಲಾಗುವವರೆಗೆ ಕೂರಬೇಕು. ಏರಿಸಿದ ಕೂಲಿಯನ್ನು ನಮ್ಮ ಬೆನ್ನಿನಿಂದಲೇ ವಸೂಲು ಮಾಡಲು ಹೊರಟಿದ್ದರು.

"ಹತ್ತು ಗಂಟೆಗೆ ನಿಮ್ಮ ವೇಗ ಅಳೆಯೋಕೆ ಬರ್ತಾರೆ," ಎಂದ ಸೂಪರ್‌ವೈಸರ್ ಫ್ರಿಟ್ಸ್. "ಆಗಲ್ಲ ಅಂತ ಗಡಿಯಾರ ಹೇಳಿದ್ರೆ ಕಾಗದ ತೆಗೀತೀನಿ. ಅಳೆಯೋನನ್ನ ಕೆಟ್ಲಿ ಪಕ್ಕದಲ್ಲೇ ನಿಲ್ಲಿಸ್ತೀನಿ, ನೋಡೋಣ."

ಹೋದ ವರ್ಷವೂ ಹೀಗೇ ಅಳೆದಿದ್ದರು. ಹೊಗಳಿಕೆಗೆ ಉಬ್ಬಿ ಕೆಟ್ಲಿ ಗಾಳಿಯಂತೆ ಹೊಲಿದಳು. ಅರವತ್ತಿದ್ದ ಟಾರ್ಗೆಟ್ ಎಂಬತ್ತಾಯಿತು, ಎಲ್ಲರಿಗೂ.

"ಈ ಸಲಾನೂ ಓಡ್ತೀಯೇನೇ, ಕುದುರೆ?" ಎಂದು ಹಿಂದಿನಿಂದ ಯೊಲೆಟ್ ಚುಚ್ಚಿದಳು.

"ಪೆಡಲ್ ಮೇಲೆ ನನ್ ಕಾಲು ನನ್ ಮಾತೇ ಕೇಳಲ್ಲ ಕಣೇ. ನಿಧಾನ ಮಾಡೋಕೆ ಹೋದ್ರೆ ದಾರ ಹರಿಯುತ್ತೆ. ಬೇಕಂತ ಮಾಡ್ತಿದೀನಿ ಅಂತ ಅಳೆಯೋನಿಗೂ ಗೊತ್ತಾಗುತ್ತೆ." ಕೆಟ್ಲಿ ಅಳುವುದೊಂದೇ ಬಾಕಿ.

ನನಗೆ ನಮ್ಮೂರಿನ ಬೆಟ್ಟದ ಹೊಲ ನೆನಪಾಯಿತು. ಮುಯ್ಯಾಳುಗಳು ಸಾಲಾಗಿ ನಿಂತು ಅಗೆಯುವಾಗ ಅಪ್ಪ ಹಾಡು ಹಿಡಿಯುತ್ತಿದ್ದ, ಗುದ್ದಲಿಗಳೆಲ್ಲ ಆ ಹಾಡಿಗೇ ಬೀಳುತ್ತಿದ್ದವು. ಸಾಲಿನಲ್ಲಿ ಯಾರು ಎಲ್ಲರಿಗಿಂತ ಮುದುಕರೋ ಅವರ ಉಸಿರು ನೋಡಿ ಅವನು ಹಾಡುತ್ತಿದ್ದ.

"ನಾನು ಹಾಡ್ತೀನಿ," ಎಂದೆ. "ನಿನ್ ಕಾಲನ್ನ ಹಾಡಿಗೆ ಕೊಟ್ಬಿಡು ಮಗಾ."

ಹತ್ತಕ್ಕೆ ವೇಗ ಅಳೆಯುವ ಓಸ್ನೆಲ್ ಗಡಿಯಾರ ಹಿಡಿದು ಕೆಟ್ಲಿಯ ಪಕ್ಕ ನಿಂತ. ನಾನು ಹಾಡು ಎತ್ತಿದೆ. ಕತ್ತೆಗೆ ಹೊರೆ ಹೇರುವವನೇ, ಒಮ್ಮೆ ನೀನೂ ಹೊತ್ತು ನೋಡು ಎಂಬ ಹಾಡು. ಒಂಬತ್ತು ಗಂಟಲು ಸೇರಿದವು. ಒಂಬತ್ತು ಮಿಷಿನ್ನು ಒಟ್ಟಿಗೆ ಓಡಿ ಒಟ್ಟಿಗೆ ನಿಂತವು, ನನ್ನ ಅರವತ್ತಾರರ ಬೆರಳುಗಳ ನಡಿಗೆಯಲ್ಲಿ.

ಫ್ರಿಟ್ಸ್ ಮೇಜು ಬಡಿದ. "ಇದೇನ್ ಮದುವೆ ಮನೆನಾ? ಮುಚ್ಚಿ ಬಾಯಿ!"

ಮುಚ್ಚಿದೆವು. ನನ್ನ ಕಣ್ಣು ಕೆಟ್ಲಿಯ ಕಾಲಿನ ಮೇಲೇ ಇತ್ತು. ಪೆಡಲ್ ಮೇಲೆ ಅದು ಒಮ್ಮೆ ಓಡಲು ನೋಡಿತು. ಆಮೇಲೆ ಹಾಡಿನ ಮುಂದಿನ ಸಾಲು ಎಲ್ಲಿ ಬೀಳಬೇಕೋ ಅಲ್ಲೇ ಒತ್ತಿತು. ಯಾರ ತುಟಿಯೂ ಅಲ್ಲಾಡಲಿಲ್ಲ. ಒಂಬತ್ತೂ ಮಿಷಿನ್ನು ಬಾಯಿಲ್ಲದ ಆ ಹಾಡಿಗೇ ಓಡಿದವು.

"ಬೇಗ, ಕೆಟ್ಲಿ! ನಿನ್ನ ಲೈನ್ ಲೀಡರ್ ಮಾಡ್ತೀನಿ!" ಎಂದ ಫ್ರಿಟ್ಸ್.

"ಅಜ್ಜಿ ಇದಾರಲ್ಲ ಸಾರ್," ಎಂದಳು ತಲೆ ಎತ್ತದೆ.

ಮೂರು ಸಲ ಅಳೆದು ಓಸ್ನೆಲ್ ಗಡಿಯಾರ ಜೇಬಿಗಿಟ್ಟ. "ನಾಲ್ಕಕ್ಕೆ ಕೆಲಸ ಬಿಡೋ ಹೊತ್ತಿಗೆ ತಲಾ ಎಂಬತ್ತು ಡಜನ್ ಸಾರ್. ಅದಕ್ಕಿಂತ ಒಂದೂ ಹೆಚ್ಚಾಗಲ್ಲ."

ಫ್ರಿಟ್ಸ್ ಕಾಗದ ತೆಗೆಯಲಿಲ್ಲ. ನಾಲ್ಕಕ್ಕೆ ಎಂಬತ್ತನೆಯ ಡಜನ್ ಕಟ್ಟಿಟ್ಟು ನಾವು ಎದ್ದೆವು. ಅವನು ಆಡಿದ ಮಾತನ್ನು ನಾನೇ ನಡೆಸಿಕೊಟ್ಟೆ: ಗೋಡೆಯಿಂದ ಕಾಗದ ಬಿಡಿಸಿ, ನಾಲ್ಕು ಮಡಿಕೆ ಮಡಿಸಿ, ಅವನ ಮೇಜಿನ ಮೇಲಿಟ್ಟೆ.

"ಯಾರ್ ಹೇಳಿದ್ರು ಏಳೋಕೆ?" ಎಂದು ಅರಚಿದ.

"ನಿಮ್ ಗಡಿಯಾರನೇ ಸಾರ್," ಎಂದಳು ಕೆಟ್ಲಿ.

ಹೊರಗೆ ಇನ್ನೂ ಒಳ್ಳೆಯ ಬಿಸಿಲಿತ್ತು. ಗೇಟಿನ ಬಳಿ ಕರಿದ ಬಾಳೆಕಾಯಿ ಮಾರುವವಳು ನಮ್ಮನ್ನು ಎಂದಿನ ಹೊತ್ತಿಗೇ ಕಂಡು ಬೆರಗಾದಳು; ಹೊಸ ಕಾಗದದ ಸುದ್ದಿ ಅವಳಿಗೂ ಮುಟ್ಟಿತ್ತು. ಯೊಲೆಟ್ ಆಗಲೇ ಹಾಡು ಎತ್ತಿದ್ದಳು.